ಮನೆಯಲ್ಲಿ ಕೋವಿ ಶುಚಿಗೊಳಿಸುವಾಗ ಯಾವ ಕೊಳೆಗೆ ಯಾವ ದ್ರಾವಕ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ತಂದೆಯವರು ಬಳಸುತ್ತಿದ್ದ ಒಂದು ಜೋಡಿ ನಳಿಗೆ ಕೋವಿ ಮತ್ತು ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತೋಟಾ ತುಂಬುವ ಒಂದು ಬೋಲ್ಟ್ ಆ್ಯಕ್ಷನ್ ರೈಫಲ್ ಪರವಾನಗಿಯ ಸಮೇತ ಈಗ ನನ್ನ ಹೆಸರಿಗೆ ಬಂದಿವೆ. ಅವರು ಎರಡನ್ನೂ ಸೀಮೆಎಣ್ಣೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ ಇಡುತ್ತಿದ್ದರು. ನಾನೂ ಅದನ್ನೇ ಮುಂದುವರಿಸಿಕೊಂಡು ಬಂದೆ. ಆದರೆ ಇತ್ತೀಚೆಗೆ ರೈಫಲ್‌ನ ಗುಂಡುಗಳು ಮೊದಲಿನಂತೆ ಒತ್ತೊತ್ತಾಗಿ ಬೀಳುತ್ತಿಲ್ಲ. ಬೋಲ್ಟ್ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ, ಬಾಯಿಯ ಹತ್ತಿರ ಗುಂಡನ್ನು ತಿರುಗಿಸುವ ಒಳಗಿನ ಏಣುಗಳ ಮೇಲೆ ಕೆಂಪು ಚಿನ್ನದ ಬಣ್ಣದ ಗೆರೆಗಳು ಹೊಳೆಯುತ್ತವೆ. ಎಷ್ಟು ಸೀಮೆಎಣ್ಣೆ ಹಾಕಿ ಉಜ್ಜಿದರೂ ಅವು ಕದಲುವುದಿಲ್ಲ.

ಜೋರಾದ ಏನನ್ನಾದರೂ ಬಳಸಿದರೆ ಹೋದೀತೆಂದು ವಾಹನದ ಬ್ರೇಕ್ ತೊಳೆಯುವ ಸ್ಪ್ರೇಯನ್ನು ತಂದು ನಳಿಗೆಯ ಹಿಂಬದಿಯಿಂದ ಹೊಡೆದೆ. ಗೆರೆಗಳು ಇದ್ದ ಹಾಗೆಯೇ ಇದ್ದವು. ಆದರೆ ನಾಲ್ಕಾರು ಹನಿ ಮರದ ಹಿಡಿಯ ಮೇಲೆ ಬಿದ್ದಿದ್ದನ್ನು ನಾನು ಗಮನಿಸದೆ ಅಲ್ಲಿಯೇ ಕೈಯಿಟ್ಟು ಹಿಡಿದುಬಿಟ್ಟೆ. ವಾರ್ನಿಷ್ ಮೆತ್ತಗಾಗಿ ಅಂಟಂಟಾಗಿತ್ತು. ಕೈ ತೆಗೆದಾಗ ನನ್ನ ಹೆಬ್ಬೆರಳಿನ ರೇಖೆಗಳು ಅದರ ಮೇಲೆ ಅಚ್ಚೊತ್ತಿದಂತೆ ಉಳಿದಿದ್ದವು. ತಂದೆಯವರು ಅಷ್ಟು ವರ್ಷ ಜೋಪಾನವಾಗಿ ಕಾಪಾಡಿದ ಹಿಡಿಯನ್ನು ನಾನು ಒಂದು ಸಂಜೆಯಲ್ಲಿ ಕೆಡಿಸಿದೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಪೆಟ್ರೋಲ್, ಅಸಿಟೋನ್, ಡಬ್ಲ್ಯೂಡಿ-೪೦, ಅಮೋನಿಯಾ ಇರುವ ದ್ರಾವಕ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಕೋವಿಗೂ ಮನೆಯವರಿಗೂ ಕೇಡಾಗದಂತೆ ಈ ಕೆಲಸವನ್ನು ಮಾಡುವುದು ಹೇಗೆಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಕೋವಿ ದುರಸ್ತಿ ಮಾಡುವವರು

ಹಿಡಿಯ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ, ಅದನ್ನು ಸರಿಪಡಿಸಬಹುದು. ಅದಕ್ಕಿಂತ ಮುಖ್ಯವಾದುದನ್ನು ಮೊದಲು ಹೇಳುತ್ತೇನೆ. ಶುಚಿ ಮಾಡಲು ಕೂರುವ ಮುನ್ನ ತೋಟಾ ತುಂಬುವ ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ತೆರೆಯಿರಿ, ತೋಟಾ ಕೂರುವ ಜಾಗವನ್ನು ಕಣ್ಣಿನಿಂದ ನೋಡಿ, ಆಮೇಲೆ ಕಿರುಬೆರಳು ಹಾಕಿಯೂ ನೋಡಿ. ತೋಟಾಗಳು ಆ ಕೋಣೆಯಲ್ಲಿಯೇ ಇರಬಾರದು. ನಿನ್ನೆ ತಾನೇ ಖಾಲಿ ಮಾಡಿಟ್ಟಿದ್ದೆ ಎಂಬ ನೆನಪನ್ನು ನಂಬಿ ಕೂರಬೇಡಿ.

ಇನ್ನು ದ್ರಾವಕದ ಮಾತು. ನನ್ನ ಬಳಿಗೆ ಬರುವ ಕೋವಿಗಳಲ್ಲಿ ಗುಂಡು ಹಾರಿಸಿ ಸವೆದವು ಕಡಿಮೆ, ತಪ್ಪಾಗಿ ಉಜ್ಜಿ ಕೆಟ್ಟವು ಹೆಚ್ಚು. ಜನ ಜೋರಾದ ದ್ರಾವಕ ಯಾವುದು ಎಂದು ಕೇಳುತ್ತಾರೆ, ಆದರೆ ಒಳಗೆ ಇರುವ ಕೊಳೆ ಯಾವುದು ಎಂದು ಯೋಚಿಸುವುದಿಲ್ಲ. ನಳಿಗೆಯೊಳಗೆ ಕೂರುವ ಕೊಳೆ ಒಂದೇ ಬಗೆಯದಲ್ಲ. ಮದ್ದು ಉರಿದು ಉಳಿದ ಮಸಿ ಒಂದು, ಗುಂಡಿನ ಹೊರಕವಚದಿಂದ ಕಳಚಿ ಅಂಟಿದ ತಾಮ್ರ ಇನ್ನೊಂದು, ಕವಚವಿಲ್ಲದ ಗುಂಡಿನಿಂದ ಬರುವ ಸೀಸ ಮತ್ತೊಂದು, ಚರೆ ತೋಟಾದೊಳಗಿನ ಪ್ಲಾಸ್ಟಿಕ್ ಬಟ್ಟಲು ಸವೆದು ಮೆತ್ತಿಕೊಳ್ಳುವ ಪದರ ಮಗದೊಂದು. ಕೆಲವು ಹಳೆಯ ತೋಟಾಗಳಾದರೆ ಕಣ್ಣಿಗೆ ಕಾಣದ ಉಪ್ಪನ್ನೂ ಬಿಟ್ಟುಹೋಗುತ್ತವೆ. ಇವುಗಳಲ್ಲಿ ಒಂದನ್ನು ಕರಗಿಸುವುದು ಇನ್ನೊಂದನ್ನು ಮುಟ್ಟುವುದೇ ಇಲ್ಲ.

ನಿಮಗೆ ಕಾಣುತ್ತಿರುವ ಕೆಂಪು ಗೆರೆ ತಾಮ್ರದ್ದು. ರೈಫಲ್ ಗುಂಡಿನ ಕವಚವನ್ನು ಸಾಮಾನ್ಯವಾಗಿ ಸುಮಾರು ೯೫ ಭಾಗ ತಾಮ್ರ, ೫ ಭಾಗ ಸತುವು ಇರುವ ಮಿಶ್ರಲೋಹದಿಂದ ಮಾಡುತ್ತಾರೆ. ಸೀಮೆಎಣ್ಣೆ ಎಣ್ಣೆಜಿಡ್ಡನ್ನೂ ಮಸಿಯ ಮೇಲ್ಪದರವನ್ನೂ ಚೆನ್ನಾಗಿಯೇ ಸಡಿಲಿಸುತ್ತದೆ, ಆದ್ದರಿಂದ ನಿಮ್ಮ ತಂದೆಯವರ ಪದ್ಧತಿ ಜೋಡಿ ನಳಿಗೆಗೆ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಲೋಹವನ್ನು ಮಾತ್ರ ಅದು ಕರಗಿಸಲಾರದು. ಬ್ರೇಕ್ ಸ್ಪ್ರೇಯೂ ಅಷ್ಟೇ. ಅದು ಜಿಡ್ಡು ಕಳೆಯುವ ವಸ್ತು. ತಾಮ್ರ ಹಾಗೆಯೇ ಉಳಿದು ವಾರ್ನಿಷ್ ಮಾತ್ರ ಕರಗಿದ್ದು ಅದಕ್ಕೇ.

ರಸಾಯನಶಾಸ್ತ್ರದ ಅಧ್ಯಾಪಕಿ

ಮೇಲಿನವರು ಹೇಳಿದ್ದಕ್ಕೆ ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ. ಎಣ್ಣೆಯಂಥ ದ್ರಾವಕಗಳು ಜಿಡ್ಡನ್ನು ತಮ್ಮೊಳಗೆ ಬೆರೆಸಿಕೊಳ್ಳುತ್ತವೆಯೇ ಹೊರತು ಅಲ್ಲಿ ಯಾವ ರಾಸಾಯನಿಕ ಕ್ರಿಯೆಯೂ ನಡೆಯುವುದಿಲ್ಲ. ತಾಮ್ರವನ್ನು ಹೊರತೆಗೆಯಬೇಕಾದರೆ ಅದು ಮೊದಲು ಗಾಳಿಯ ಆಮ್ಲಜನಕದೊಡನೆ ವರ್ತಿಸಿ, ಆಮೇಲೆ ಅಮೋನಿಯಾದೊಂದಿಗೆ ಸೇರಿ, ನೀರಿನಲ್ಲಿ ಕರಗುವ ಸಂಯುಕ್ತವಾಗಬೇಕು. ಈ ಸಂಯುಕ್ತದ ಬಣ್ಣ ಗಾಢ ನೀಲಿ. ನಳಿಗೆಯಿಂದ ಹೊರಬರುವ ಬಟ್ಟೆಯ ತುಂಡು ನೀಲಿಯಾದರೆ ತಾಮ್ರ ಕರಗುತ್ತಿದೆ ಎಂದರ್ಥ. ಪ್ರಯೋಗಾಲಯದಲ್ಲಿ ಮಕ್ಕಳಿಗೆ ನಾನು ತೋರಿಸುವ ಪ್ರಯೋಗವೇ ನಿಮ್ಮ ನಳಿಗೆಯೊಳಗೆ ನಡೆಯುತ್ತದೆ.

ಇಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಹಿತ್ತಾಳೆಯ ಜ್ಯಾಗ್ (ಶುಚಿ ಮಾಡುವ ಗಜದ, ಅಂದರೆ ಉದ್ದ ಸರಳಿನ, ತುದಿಗೆ ಬಟ್ಟೆ ಸಿಕ್ಕಿಸುವ ಭಾಗ) ಅಥವಾ ಕಂಚಿನ ಬ್ರಷ್ಷನ್ನು ಈ ದ್ರಾವಕದಲ್ಲಿ ಅದ್ದಿದರೆ ಅವುಗಳಲ್ಲಿರುವ ತಾಮ್ರವೂ ಕರಗುತ್ತದೆ. ನಳಿಗೆ ಶುದ್ಧವಾದ ಮೇಲೂ ಬಟ್ಟೆ ನೀಲಿಯಾಗಿಯೇ ಬರುತ್ತದೆ, ಮಾಲೀಕರು ಇನ್ನೂ ಕೊಳೆಯಿದೆ ಎಂದು ದಿನಗಟ್ಟಲೆ ಉಜ್ಜುತ್ತಾರೆ. ತಾಮ್ರದ ದ್ರಾವಕಕ್ಕೆ ನೈಲಾನ್ ಬ್ರಷ್, ನೈಲಾನ್ ಅಥವಾ ನಿಕಲ್ ಲೇಪನದ ಜ್ಯಾಗ್ ಬಳಸಿದರೆ ಈ ಗೊಂದಲ ಇರುವುದಿಲ್ಲ. ತದ್ವಿರುದ್ಧವಾಗಿ, ನಿಕಲ್ ಲೇಪಿತ ಕೋವಿಯ ಹೊರಮೈಗೆ ಅಮೋನಿಯಾ ತಾಗಿಸಬಾರದು. ನಿಕಲ್‌ನ ಅಡಿಯಲ್ಲಿ ತಾಮ್ರದ ತೆಳುಪದರ ಇರುವುದುಂಟು. ಎಲ್ಲಿಯಾದರೂ ಸಣ್ಣ ಗೀರಿದ್ದರೆ ಅಮೋನಿಯಾ ಅಲ್ಲಿಂದ ನುಸುಳಿ ಅಡಿಪದರವನ್ನು ತಿಂದು ಮೇಲಿನ ಲೇಪನವನ್ನು ಏಳಿಸಿಬಿಡುತ್ತದೆ.

ಅಮೋನಿಯಾ ದ್ರಾವಕಗಳಲ್ಲಿ ನೀರಿನಂಶ ಇರುತ್ತದೆ. ಲೇಬಲ್ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ, ಬಿಟ್ಟು ಒರೆಸಿ ತೆಗೆದು, ಒಣಗಿಸಿ, ಎಣ್ಣೆ ಸವರಬೇಕು. ಹಚ್ಚಿ ಮಲಗಿಬಿಟ್ಟರೆ ಬೆಳಿಗ್ಗೆ ತುಕ್ಕು ಕಾಣಬಹುದು. ಅಮೋನಿಯಾ ಇಲ್ಲದ ತಾಮ್ರದ ದ್ರಾವಕಗಳೂ ಈಗ ಸಿಗುತ್ತವೆ, ನೊರೆಯ ರೂಪದಲ್ಲಿಯೂ ಬರುತ್ತವೆ. ಅವು ನಿಧಾನವಾಗಿ ಕೆಲಸ ಮಾಡಿದರೂ ವಾಸನೆ ಕಡಿಮೆ. ಮಕ್ಕಳಿರುವ ಮನೆಗೆ ನಾನು ಇದನ್ನೇ ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದುದು: ಅಮೋನಿಯಾ ಇರುವ ಯಾವುದನ್ನೂ ಬ್ಲೀಚ್ ಜೊತೆ ಬೆರೆಸಬೇಡಿ, ಬ್ಲೀಚ್ ಹಾಕಿ ತೊಳೆದ ಬಟ್ಟಲಿನಲ್ಲಿಯೂ ಸುರಿಯಬೇಡಿ. ಅವೆರಡೂ ಸೇರಿದರೆ ಹುಟ್ಟುವ ಕ್ಲೋರಮಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ತೋಟಾಗಳ ಹತ್ತಿರವೂ ಅಮೋನಿಯಾ ಸುಳಿಯಬಾರದು. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲದ ದಿನಗಳಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ದಾಸ್ತಾನು ಮಾಡಿದಾಗ ಅವುಗಳ ಹಿತ್ತಾಳೆಯ ಕೋಶಗಳು ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾವೂ ತಯಾರಿಕೆಯ ವೇಳೆ ಹಿತ್ತಾಳೆಯೊಳಗೆ ಉಳಿದ ಬಿಗಿತವೂ ಸೇರಿ ಹೀಗಾಗುತ್ತದೆ ಎಂಬುದು ೧೯೨೧ರಲ್ಲಿ ಸ್ಪಷ್ಟವಾಯಿತು. ಶುಚಿ ಮಾಡುವ ಸಾಮಾನು ಮತ್ತು ತೋಟಾಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬಾರದೆಂದು ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಗುರಿಸ್ಪರ್ಧೆಗಳಲ್ಲಿ ಭಾಗವಹಿಸುವವರು

ದ್ರಾವಕದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಗಜ ಹಿಡಿಯುವ ಕೈ ಮುಖ್ಯ. ನಾನು ಹೊಸದಾಗಿ ಕಲಿಯುತ್ತಿದ್ದಾಗ ಮೂರು ತುಂಡುಗಳನ್ನು ತಿರುಪಿ ಜೋಡಿಸುವ ಅಲ್ಯೂಮಿನಿಯಂ ಗಜವನ್ನು ಬಳಸುತ್ತಿದ್ದೆ, ಅದೂ ನಳಿಗೆಯ ಬಾಯಿಯ ಕಡೆಯಿಂದ. ತುಂಡುಗಳು ಕೂಡುವ ಜಾಗದಲ್ಲಿ ಏಣು ಇರುತ್ತದೆ. ಗಜ ಸ್ವಲ್ಪ ಬಾಗಿದರೂ ಆ ಏಣು ನಳಿಗೆಯ ಒಳಮೈಯನ್ನು ಕೆರೆಯುತ್ತದೆ. ಅಲ್ಯೂಮಿನಿಯಂ ಮೆದುವಾದ್ದರಿಂದ ಅಪಾಯವಿಲ್ಲ ಎಂದುಕೊಂಡಿದ್ದೆ. ಆ ಮೆದುತನದಲ್ಲಿಯೇ ಮರಳಿನ ಕಣಗಳು ಹೂತುಕೊಂಡು ಗಜವೇ ಅರದಂತೆ ಆಗುತ್ತದೆ ಎಂದು ಆಮೇಲೆ ತಿಳಿಯಿತು. ಗುಂಡು ನಳಿಗೆಯನ್ನು ಬಿಡುವ ಕ್ಷಣದಲ್ಲಿ ಕೊನೆಯದಾಗಿ ತಾಗುವುದು ಬಾಯಿಯ ಅಂಚಿಗೆ. ಅಲ್ಲಿ ಒಂದು ಬದಿ ಸವೆದರೆ ಅನಿಲ ಒಂದು ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆಯಾಗಿ ತಳ್ಳುತ್ತದೆ.

ಹಾಗಾಗಿ ಹೊರಮೈಗೆ ಲೇಪನವಿರುವ, ಒಂದೇ ತುಂಡಿನ ಗಜವನ್ನು ತೆಗೆದುಕೊಳ್ಳಿ. ಬೋಲ್ಟ್ ಆ್ಯಕ್ಷನ್ ರೈಫಲ್‌ಗೆ ಬೋಲ್ಟ್ ಇರುವ ಜಾಗದಲ್ಲಿ ಕೂರಿಸುವ ಬೋರ್ ಗೈಡ್ ಎಂಬ ಕೊಳವೆ ಸಿಗುತ್ತದೆ. ಅದು ಗಜವನ್ನು ನೇರವಾಗಿ ಹಿಡಿಯುತ್ತದೆ, ದ್ರಾವಕವು ಟ್ರಿಗರ್‌ನ ಒಳಕ್ಕೂ ಹಿಡಿಯ ಮರಕ್ಕೂ ಇಳಿಯದಂತೆಯೂ ತಡೆಯುತ್ತದೆ. ಅದು ಇದ್ದಿದ್ದರೆ ನಿಮ್ಮ ಹಿಡಿ ಉಳಿಯುತ್ತಿತ್ತು. ಹಿಂಬದಿಯಿಂದ ಬಾಯಿಯ ಕಡೆಗೆ ತಳ್ಳಿ, ಬಟ್ಟೆ ಹೊರಬಿದ್ದ ಮೇಲೆ ಅದನ್ನು ತೆಗೆದು, ಬರಿಯ ಗಜವನ್ನು ಹಿಂದಕ್ಕೆ ಎಳೆಯಿರಿ. ಬ್ರಷ್ಷಾದರೆ ಪೂರ್ತಿ ಹೊರಬಂದ ನಂತರವೇ ಹಿಂದಕ್ಕೆ ಎಳೆಯಬೇಕು, ನಡುದಾರಿಯಲ್ಲಿ ದಿಕ್ಕು ಬದಲಿಸಬಾರದು. ಸ್ಟೇನ್‌ಲೆಸ್ ಸ್ಟೀಲಿನ ಬ್ರಷ್ಷನ್ನು ಮನೆಯೊಳಕ್ಕೆ ತರಲೇಬೇಡಿ.

ಇನ್ನೊಂದು ಮಾತು. ಪ್ರತಿ ಸಲ ಹಾರಿಸಿದ ಮೇಲೆಯೂ ಲೋಹ ಮಿಂಚುವ ತನಕ ಉಜ್ಜುವ ಅಗತ್ಯವಿಲ್ಲ. ಸಣ್ಣ ಗುಂಡಿನ ಪಾಯಿಂಟ್ ೨೨ ರಿಮ್‌ಫೈರ್ ರೈಫಲ್‌ನ ಗುಂಡು ಮೇಣ ಸವರಿದ ಸೀಸದ್ದು. ಆ ಮೇಣದ ತೆಳುಪದರ ನಳಿಗೆಯಲ್ಲಿ ಸಮನಾಗಿ ಕೂತ ಮೇಲೆಯೇ ಗುರಿ ಸ್ಥಿರವಾಗುತ್ತದೆ. ಪೂರ್ತಿ ತೊಳೆದರೆ ಮೊದಲ ಹಲವು ಗುಂಡುಗಳು ಚದುರುತ್ತವೆ. ನಾನು ಅದರ ನಳಿಗೆಗೆ ಎರಡು ಮೂರು ಒಣ ಬಟ್ಟೆ ಹಾಯಿಸಿ, ಬೋಲ್ಟ್‌ನ ಮುಖ ಮತ್ತು ತೋಟಾ ಕೂರುವ ಜಾಗವನ್ನು ಮಾತ್ರ ಎಚ್ಚರಿಕೆಯಿಂದ ಶುಚಿ ಮಾಡುತ್ತೇನೆ. ಗುರಿ ಹದಗೆಟ್ಟರೆ ಮಾತ್ರ ದ್ರಾವಕ.

ಕರಿಮದ್ದಿನ ಕೋವಿ ಬಳಸುವವರು

ಇಲ್ಲಿಯವರೆಗೆ ಯಾರೂ ನೀರಿನ ಹೆಸರೆತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲಿಯೇ ಉಳಿಯುತ್ತದೆ. ಅದರಲ್ಲಿ ಬಹುಪಾಲು ಪೊಟ್ಯಾಸಿಯಂನ ಲವಣಗಳು. ಇವು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಸಕ್ಕರೆಯಂತೆ ಕರಗುತ್ತವೆ. ಕರಿಮದ್ದಿನ ಮಸಿಯ ಮೇಲೆ ಪೆಟ್ರೋಲಿಯಂ ಎಣ್ಣೆ ಹಾಕಿದರೆ ಟಾರಿನಂತೆ ಅಂಟಿಕೊಳ್ಳುತ್ತದೆ. ಆ ಜಿಗುಟನ್ನು ಒಮ್ಮೆ ಕೆರೆದು ತೆಗೆದವರು ಮತ್ತೆ ಆ ತಪ್ಪು ಮಾಡಲಾರರು. ಬಿಸಿನೀರು, ಸ್ವಲ್ಪ ಸಾಬೂನು, ಆಮೇಲೆ ಬರಿಯ ಬಿಸಿನೀರು. ಬಿಸಿನೀರಾದರೆ ಲೋಹ ಕಾದು ತಾನಾಗಿಯೇ ಬೇಗ ಒಣಗುತ್ತದೆ. ಒಣಗಿದೊಡನೆ ಎಣ್ಣೆ ಸವರಬೇಕು, ಅರ್ಧ ಗಂಟೆ ತಡವಾದರೂ ಕೆಂಪು ಹೊಡೆಯಲು ಶುರುವಾಗುತ್ತದೆ.

ಹಳೆಯ ಸೇನಾ ದಾಸ್ತಾನಿನ ತೋಟಾಗಳಿಗೂ ಇದೇ ಚಿಕಿತ್ಸೆ. ಅವುಗಳ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ ಅದು ಸಿಡಿದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಅದು ಅಡುಗೆ ಉಪ್ಪಿನ ಅಣ್ಣನಿದ್ದಂತೆ. ಗಾಳಿಯ ತೇವ ಶೇಕಡ ೮೪ರ ಆಸುಪಾಸು ದಾಟಿದರೆ ಆ ಉಪ್ಪು ತಾನೇ ನೀರು ಹೀರಿ ಕರಗಿ, ನಳಿಗೆಯನ್ನು ಒಳಗಿನಿಂದ ತಿನ್ನುತ್ತದೆ. ಮೇಲೆ ಎಷ್ಟೇ ಎಣ್ಣೆ ಹಚ್ಚಿದರೂ ಅಡಿಯಲ್ಲಿ ಉಪ್ಪು ಕೂತಿರುತ್ತದೆ. ಗಾಜು ಒರೆಸುವ ಅಮೋನಿಯಾ ದ್ರವ ಉಪ್ಪಿನ ಶಕ್ತಿಯನ್ನೇ ಕುಂದಿಸುತ್ತದೆ ಎಂದು ನಂಬಿದವರು ಬಹಳ. ಅಲ್ಲಿ ಕೆಲಸ ಮಾಡುವುದು ಅದರಲ್ಲಿರುವ ನೀರು.

೧೯೦೪ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಬ್ಯಾಲಿಸ್ಟಾಲ್ ಎಂಬ ಎಣ್ಣೆ ನೀರಿನೊಡನೆ ಬೆರೆಯುತ್ತದೆ. ಬೆರೆತಾಗ ಹಾಲಿನಂತೆ ಬೆಳ್ಳಗಾಗುತ್ತದೆ. ನೀರು ಉಪ್ಪನ್ನು ಕರಗಿಸಿ ಆರಿಹೋದ ಮೇಲೆ ಎಣ್ಣೆಯ ಪದರ ಲೋಹದ ಮೇಲೆ ಉಳಿಯುವುದರಿಂದ ಈ ಕೆಲಸಕ್ಕೆ ನನಗೆ ಬಹಳ ಇಷ್ಟ.

ಪ್ರಶ್ನೆ ಕೇಳಿದವರು

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇನ್ನೂ ಎರಡು ಸಂದೇಹಗಳಿವೆ. ಪೆಟ್ರೋಲ್ ಮತ್ತು ಅಸಿಟೋನ್ ಬಗ್ಗೆ ಅಧ್ಯಾಪಕಿಯವರು ಏನು ಹೇಳುತ್ತಾರೆ? ಮತ್ತು ಜೋಡಿ ನಳಿಗೆಯಲ್ಲಿ ಮಂಕಾದ ಬೂದು ಪಟ್ಟಿಗಳಿವೆ, ಅವು ಸೀಸವೋ ಪ್ಲಾಸ್ಟಿಕ್ಕೋ ತಿಳಿಯುತ್ತಿಲ್ಲ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಹಾಕಿದರೆ ಸೀಸ ಕ್ಷಣಮಾತ್ರದಲ್ಲಿ ಹೋಗುತ್ತದೆಂದು ಒಬ್ಬ ಸ್ನೇಹಿತರು ಹೇಳಿದರು.

ರಸಾಯನಶಾಸ್ತ್ರದ ಅಧ್ಯಾಪಕಿ

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತು. ಆ ಮಿಶ್ರಣವನ್ನು ದಯವಿಟ್ಟು ಮಾಡಬೇಡಿ. ಸೀಸ ಹೋಗುತ್ತದೆ ಎಂಬುದು ನಿಜ, ಆದರೆ ಹೋಗುವುದು ಎಲ್ಲಿಗೆ? ಅದು ಸೀಸದ ಅಸಿಟೇಟ್ ಆಗಿ ದ್ರವದಲ್ಲಿ ಕರಗಿ ಕೂರುತ್ತದೆ. ಲೋಹದ ರೂಪದಲ್ಲಿರುವ ಸೀಸ ಚರ್ಮದ ಮೂಲಕ ಸುಲಭವಾಗಿ ಒಳಹೋಗುವುದಿಲ್ಲ. ಕರಗಿದ ಈ ಲವಣ ದೇಹವನ್ನು ಎಷ್ಟೋ ಸುಲಭವಾಗಿ ಸೇರುತ್ತದೆ, ಚೆಲ್ಲಿ ಒಣಗಿದರೆ ಪುಡಿಯಾಗಿ ನೆಲದಲ್ಲಿ ಉಳಿಯುತ್ತದೆ. ಅದರ ರುಚಿಯೂ ಸಿಹಿ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇದನ್ನು ನೆನೆಸಿಕೊಳ್ಳಲೂ ನನಗೆ ಭಯವಾಗುತ್ತದೆ. ಜೊತೆಗೆ ಆ ಮಿಶ್ರಣ ಉಕ್ಕನ್ನೂ ಹೊರಮೈಯ ನೀಲಿಗಪ್ಪು ಬಣ್ಣವನ್ನೂ ತಿನ್ನುತ್ತದೆ. ಆ ಬಣ್ಣ ಕಬ್ಬಿಣದ ಒಂದು ಆಕ್ಸೈಡ್ ಅಷ್ಟೇ. ಬರಿಯ ವಿನೆಗರ್ ಕೂಡ ಅದನ್ನು ಅಳಿಸಿಹಾಕಬಲ್ಲದು.

ಸೀಸ ಬರುವುದು ಗುಂಡಿನಿಂದ ಮಾತ್ರವಲ್ಲ. ಬಹುತೇಕ ಪ್ರೈಮರ್‌ಗಳಲ್ಲಿ ಸೀಸದ ಸ್ಟಿಫ್ನೇಟ್ ಇರುವುದರಿಂದ ಮಸಿಯಲ್ಲಿಯೇ ಸೀಸವಿರುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟರವರೆಗೆ ಸೀಸ ಇದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಗಮನಹರಿಸಬೇಕಾದ ಮಟ್ಟವನ್ನು ೨೦೨೧ರಲ್ಲಿ ಡೆಸಿಲೀಟರ್‌ಗೆ ೫ ಮೈಕ್ರೋಗ್ರಾಂನಿಂದ ೩.೫ಕ್ಕೆ ಇಳಿಸಿತು. ಆದ್ದರಿಂದ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ತೆಳುವಾದ ಲೇಟೆಕ್ಸ್ ಕೈಗವಸನ್ನು ಎಣ್ಣೆಯ ದ್ರಾವಕಗಳು ಬೇಗ ಕೆಡಿಸುತ್ತವೆ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಕೆಲಸ ಮುಗಿದ ಮೇಲೆ ಸಾಬೂನು ಹಾಕಿ ಕೈ, ಮುಖ ತೊಳೆದು, ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಆ ಬಳಿಕವೇ ಮಕ್ಕಳನ್ನು ಎತ್ತಿಕೊಳ್ಳಿ.

ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ಸೊನ್ನೆಗಿಂತ ಸುಮಾರು ೪೦ ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಕೊಂಡು ಪಕ್ಕದ ಕೋಣೆಯ ಒಲೆಯವರೆಗೂ ಹೋಗಿ, ಅಲ್ಲಿಂದ ಬೆಂಕಿಯನ್ನು ಹಿಂದಕ್ಕೆ ತರಬಲ್ಲದು. ಕ್ಯಾನ್ಸರ್ ತರುವ ಬೆಂಜೀನ್ ಕೂಡ ಅದರಲ್ಲಿದೆ. ಸೀಮೆಎಣ್ಣೆ ಹೊತ್ತಲು ೩೮ ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಹಾಗೆಂದು ಅದನ್ನೂ ಉರಿಯ ಹತ್ತಿರ ಇಡಬಾರದು, ಆದರೆ ಎರಡಕ್ಕೂ ಅಜಗಜಾಂತರವಿದೆ. ಅಸಿಟೋನ್ ಜಿಡ್ಡನ್ನು ಚೆನ್ನಾಗಿ ಕಳೆಯುತ್ತದೆ, ಬೇಗ ಆರುತ್ತದೆ, ಆದರೆ ಅದೂ ಪೆಟ್ರೋಲಿನಂತೆಯೇ ಬೇಗ ಹೊತ್ತಿಕೊಳ್ಳುವ ವಸ್ತು. ವಾರ್ನಿಷ್, ಅರಗಿನ ಲೇಪ ಮತ್ತು ಹಲವು ಪ್ಲಾಸ್ಟಿಕ್‌ಗಳನ್ನು ಅದು ಕರಗಿಸುತ್ತದೆ. ಅರಗಿನ ಲೇಪವಿದ್ದರೆ ಸ್ಪಿರಿಟ್ ಕೂಡ ಮುಟ್ಟಿಸಬೇಡಿ.

ಬ್ರೇಕ್ ಸ್ಪ್ರೇಗಳಲ್ಲಿ ಎರಡು ಬಗೆ. ಒಂದು ಬೇಗ ಹೊತ್ತಿಕೊಳ್ಳುವಂಥದ್ದು. ಇನ್ನೊಂದರಲ್ಲಿ ಟೆಟ್ರಾಕ್ಲೋರೋಎಥಿಲೀನ್‌ನಂಥ ಕ್ಲೋರಿನ್ ಸಂಯುಕ್ತ ಇರುತ್ತದೆ. ಅದು ಉರಿಯುವುದಿಲ್ಲ, ಆದರೆ ನರಗಳಿಗೂ ಯಕೃತ್ತಿಗೂ ಕೆಟ್ಟದ್ದು, ಕೆಂಪಗೆ ಕಾದ ಲೋಹದ ಮೇಲೆ ಬಿದ್ದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಮುಚ್ಚಿದ ಕೋಣೆಯಲ್ಲಿ ಎರಡೂ ಸಲ್ಲವು.

ಕೋವಿ ದುರಸ್ತಿ ಮಾಡುವವರು

ಬೂದು ಪಟ್ಟಿಯನ್ನು ಗುರುತಿಸುವ ಬಗೆ ಹೀಗಿದೆ. ದ್ರಾವಕ ಹಾಕಿ ಹದಿನೈದು ನಿಮಿಷ ಬಿಟ್ಟು ಕಂಚಿನ ಬ್ರಷ್ ಆಡಿಸಿದಾಗ ಕೂದಲಿನಂಥ, ಮೆತ್ತಗಿನ ನಾರುಗಳು ಬಟ್ಟೆಗೆ ಅಂಟಿ ಬಂದರೆ ಅದು ಪ್ಲಾಸ್ಟಿಕ್. ಬೆಳ್ಳಿಯಂತೆ ಹೊಳೆಯುವ ಸಣ್ಣ ಹೊಪ್ಪಳೆಗಳು ಬಂದರೆ ಸೀಸ. ಆ ಬಟ್ಟಲುಗಳನ್ನು ಮಾಡುವ ಪಾಲಿಥೀನ್ ಸಾಮಾನ್ಯ ದ್ರಾವಕಗಳಲ್ಲಿ ಕರಗುವುದಿಲ್ಲ, ದ್ರಾವಕವು ಅದರ ಅಡಿಗೆ ನುಸುಳಿ ಹಿಡಿತವನ್ನು ಸಡಿಲಿಸುತ್ತದೆ ಅಷ್ಟೇ. ಉಳಿದದ್ದನ್ನು ಬ್ರಷ್ ಮಾಡಬೇಕು. ಸೀಸಕ್ಕೂ ಬ್ರಷ್ಷೇ ಮದ್ದು. ಹಳೆಯ ಬ್ರಷ್ಷಿಗೆ ಶುದ್ಧ ತಾಮ್ರದ ತೆಳು ಎಳೆಗಳನ್ನು ಸುತ್ತಿ, ಎಣ್ಣೆ ಹಾಕಿ ಆಡಿಸಿದರೆ ತಾಮ್ರವು ಸೀಸಕ್ಕಿಂತ ಗಟ್ಟಿಯಾಗಿಯೂ ಉಕ್ಕಿಗಿಂತ ಮೆದುವಾಗಿಯೂ ಇರುವುದರಿಂದ ಸೀಸ ಮಾತ್ರ ಕಿತ್ತು ಬರುತ್ತದೆ. ಆ ಎಳೆಗಳ ಬಳಿ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ತಾಮ್ರದ ಬಣ್ಣ ಬಳಿದ ಉಕ್ಕು, ಬಿಸಾಡಿ.

ನಿಮ್ಮ ರೈಫಲ್‌ಗೆ ಹೀಗೆ ಮಾಡಿ. ಮೊದಲು ಮಸಿ ತೆಗೆಯುವ ದ್ರಾವಕ. ೧೯೦೩ರಿಂದ ಬಳಕೆಯಲ್ಲಿರುವ ಹಾಪೀಸ್ ನಂಬರ್ ೯ ಇಂಥದ್ದೇ, ಅದರಲ್ಲಿ ಸೀಮೆಎಣ್ಣೆ, ಒಲಿಯಿಕ್ ಆಮ್ಲ ಮತ್ತು ತುಸು ಅಮೋನಿಯಾ ಇರುತ್ತದೆ. ಅದರಲ್ಲಿ ಅದ್ದಿದ ಎರಡು ಬಟ್ಟೆ, ಹತ್ತು ನಿಮಿಷ ಬಿಡುವು, ಹತ್ತು ಹನ್ನೆರಡು ಸಲ ಬ್ರಷ್, ಮತ್ತೆ ಬಟ್ಟೆ. ಮೊದಲ ಬಟ್ಟೆ ಕಾಡಿಗೆಯಂತೆ ಕಪ್ಪಾಗಿ, ಮೂರನೆಯದು ಬೂದಿಯಂತೆ, ಐದಾರನೆಯದು ಬಹುತೇಕ ಬಿಳಿಯಾಗಿ ಬರುತ್ತದೆ. ಆಗ ಒಣಬಟ್ಟೆಯಿಂದ ಆ ದ್ರಾವಕವನ್ನು ಪೂರ್ತಿ ಒರೆಸಿದ ಮೇಲೆಯೇ ತಾಮ್ರದ ದ್ರಾವಕ ಹಾಕಿ; ಒಂದರ ಮೇಲೊಂದು ಸುರಿದು ಬೆರೆಸುವ ಅಭ್ಯಾಸ ಬೇಡ. ತಾಮ್ರ ಮತ್ತು ಮಸಿ ಪದರ ಪದರವಾಗಿ ಕೂತಿರುವುದರಿಂದ ನೀಲಿ ನಿಂತ ಮೇಲೆ ಮತ್ತೆ ಕಪ್ಪು ಬರಬಹುದು. ಆಗ ಮತ್ತೆ ಮಸಿಯ ದ್ರಾವಕಕ್ಕೆ ಮರಳಬೇಕು. ಹಲವು ವರ್ಷ ಕೂತ ಕೊಳೆ ಒಂದೇ ಸಂಜೆಯಲ್ಲಿ ಹೋಗಬೇಕೆಂಬ ಹಟ ಬೇಡ.

ಡಬ್ಲ್ಯೂಡಿ-೪೦ ಬಗ್ಗೆ ಕೇಳಿದ್ದೀರಿ. ೧೯೫೩ರಲ್ಲಿ ನೀರನ್ನು ಹೊರದಬ್ಬುವುದಕ್ಕೆಂದೇ ತಯಾರಾದದ್ದು ಅದು, ಹೆಸರಿನ ಡಬ್ಲ್ಯೂಡಿ ಎಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ಅದೇ ಅರ್ಥ. ಮಳೆಯಲ್ಲಿ ನೆನೆದ ಕೋವಿಯ ನೀರನ್ನು ತೆಗೆಯಲು ಬಳಸಿ, ಆಮೇಲೆ ಒರೆಸಿ ಸರಿಯಾದ ಕೋವಿ ಎಣ್ಣೆ ಸವರಿ. ಅದನ್ನೇ ಬಹುಕಾಲದ ರಕ್ಷಣೆಗೆಂದು ನಂಬಿ ಟ್ರಿಗರ್‌ನೊಳಗೆ ಪದೇ ಪದೇ ಹೊಡೆದರೆ ಉಳಿದ ಅಂಶ ಧೂಳಿನೊಡನೆ ಸೇರಿ ಜಿಗುಟಾಗುತ್ತದೆ.

ಎಣ್ಣೆಯಲ್ಲಿ ಅತಿ ಮಾಡಬೇಡಿ. ನಳಿಗೆಗೆ ಒಂದು ಬಟ್ಟೆಯಷ್ಟು, ಜೋಡಿ ನಳಿಗೆಯ ಕೀಲಿಗೆ ಬೇಳೆಕಾಳಿನಷ್ಟು ಗ್ರೀಸ್, ಬೋಲ್ಟ್‌ನ ಬೀಗದಂತೆ ಕೂರುವ ಗುಬುಟುಗಳ ಹಿಂಬದಿಗೆ ಅಷ್ಟೇ. ಪ್ರೈಮರ್‌ಗೆ ಬಡಿಯುವ ಫೈರಿಂಗ್ ಪಿನ್ ಓಡಾಡುವ ಕೊಳವೆ ಹೆಚ್ಚುಕಡಿಮೆ ಒಣಗಿರಲಿ. ಹೆಚ್ಚಾದ ಎಣ್ಣೆ ಹಿಂದಕ್ಕೆ ಇಳಿದು ಹಿಡಿಯ ಕತ್ತಿನ ಮರವನ್ನು ಸೇರಿದರೆ ಅದು ಕಪ್ಪಾಗಿ, ಮೆದುವಾಗಿ, ಒಂದು ದಿನ ಬಿರುಕು ಬಿಡುತ್ತದೆ. ಶುಚಿ ಮಾಡಿದ ಮೊದಲ ರಾತ್ರಿ ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಮರದ ಕಡೆಗೆ ಬರುವುದಿಲ್ಲ. ಚರ್ಮದ ಚೀಲದಲ್ಲಿ ಮಾತ್ರ ಬಹುದಿನ ಇಡಬೇಡಿ, ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹಿಡಿಗೆ ಅಂಟು ಪೂರ್ತಿ ಒಣಗಲು ಒಂದು ವಾರ ಬಿಡಿ. ಆಮೇಲೆ ಅತಿ ನುಣುಪಾದ ಉಜ್ಜುಕಾಗದದಿಂದ ಆ ಜಾಗವನ್ನು ಸಮಮಾಡಿ, ಕುದಿಸಿದ ಅಗಸೆ ಎಣ್ಣೆಯನ್ನು ಬೆರಳಲ್ಲಿ ತೆಳ್ಳಗೆ ತಿಕ್ಕಿ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖಕ್ಕೆ ಹೊರದಾರಿಯಿಲ್ಲದೆ ಕಿಡಿಯಿಲ್ಲದೆಯೇ ಬೆಂಕಿ ಹತ್ತುತ್ತದೆ. ಬಯಲಿನಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ದ್ರಾವಕದ ಉಳಿಕೆಯನ್ನು ಬಚ್ಚಲಿಗೆ ಸುರಿಯುವುದೂ ಬೇಡ, ಅದರಲ್ಲಿ ಸೀಸವಿದೆ. ಮುಚ್ಚಿದ ಡಬ್ಬಿಯಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯವನ್ನು ತೆಗೆದುಕೊಳ್ಳುವವರಿಗೆ ಕೊಡಿ.

ಏರ್‌ಗನ್ ಬಳಸುವವರು

ಇದನ್ನು ಓದಿ ಯಾರಾದರೂ ಏರ್‌ಗನ್‌ಗೂ ಇವೇ ದ್ರಾವಕಗಳನ್ನು ಹಾಕಿಬಿಟ್ಟಾರು ಎಂದು ಒಂದು ಮಾತು ಸೇರಿಸುತ್ತೇನೆ. ಅದರಲ್ಲಿ ಮದ್ದೂ ಇಲ್ಲ, ತಾಮ್ರವೂ ಇಲ್ಲ. ಜೋರಾದ ದ್ರಾವಕ ಒಳಗಿನ ರಬ್ಬರ್ ಬಿಗಿಪಟ್ಟಿಗಳನ್ನು ಉಬ್ಬಿಸಿ ಕೆಡಿಸುತ್ತದೆ. ಸ್ಪ್ರಿಂಗ್ ಪಿಸ್ಟನ್ ಏರ್‌ಗನ್‌ನಲ್ಲಿ ಪೆಟ್ರೋಲಿಯಂ ಎಣ್ಣೆ ಗಾಳಿ ಒತ್ತುವ ಕೊಠಡಿಗೆ ಇಳಿದರೆ, ಡೀಸೆಲ್ ಎಂಜಿನ್‌ನಲ್ಲಿ ಆಗುವಂತೆ ಒತ್ತಡದ ಶಾಖಕ್ಕೆ ಅದು ಹೊತ್ತಿ ಸಿಡಿಯುತ್ತದೆ. ಒಣ ಬಟ್ಟೆ ಅಥವಾ ಉಣ್ಣೆಯ ಉಂಡೆ ಸಾಕು.

ಪ್ರಶ್ನೆ ಕೇಳಿದವರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಒಂದೇ ತುಂಡಿನ ಗಜ, ಬೋರ್ ಗೈಡ್ ಮತ್ತು ಅಮೋನಿಯಾ ಇಲ್ಲದ ನೊರೆಯ ದ್ರಾವಕವನ್ನು ತಂದೆ. ಕಿಟಕಿಗಳೆಲ್ಲ ತೆರೆದಿರುವ ಹೊರಕೋಣೆಯಲ್ಲಿ, ಮಕ್ಕಳು ಶಾಲೆಗೆ ಹೋದ ಮೇಲೆ ಕೂತೆ. ಮೊದಲ ದಿನ ಮಸಿಯ ಕಪ್ಪು ನಿಂತ ಮೇಲೆ ನೊರೆ ಹಾಕಿ ಬಿಟ್ಟೆ. ಅರ್ಧ ಗಂಟೆಯ ನಂತರ ನಳಿಗೆಯ ಬಾಯಿಯಲ್ಲಿ ಬಿಳಿಯಾಗಿದ್ದ ನೊರೆ ಅಂಚಿನಿಂದ ಒಳಕ್ಕೆ ನೀಲಿಯಾಗುತ್ತಾ ಹೋದದ್ದನ್ನು ಕಣ್ಣಾರೆ ಕಂಡೆ. ಹೊರಬಂದ ಬಟ್ಟೆ ಬಿಳಿಯ ಅಂಗಿಗೆ ಹಾಕುವ ನೀಲಿಯಲ್ಲಿ ಅದ್ದಿದಂತಿತ್ತು. ಎರಡನೆಯ ದಿನ, ಹೇಳಿದಂತೆಯೇ, ಮತ್ತೆ ಕಪ್ಪು. ನಾಲ್ಕನೆಯ ದಿನಕ್ಕೆ ನೀಲಿ ತಿಳಿಯಾಗಿ, ಬರಬರುತ್ತಾ ನಿಂತುಹೋಯಿತು. ಕೆಂಪು ಗೆರೆಗಳು ಈಗಿಲ್ಲ. ಆದರೆ ಅವು ಇದ್ದ ಜಾಗದಲ್ಲಿ, ಬಾಯಿಯಿಂದ ಒಂದು ಗೇಣು ಒಳಗೆ, ಸೂಜಿಮೊನೆಯಷ್ಟು ಸಣ್ಣ ಕಪ್ಪು ಗುಳಿಗಳು ಕಾಣುತ್ತಿವೆ. ಯಾವ ದ್ರಾವಕದಿಂದಲೂ ಅವು ಬದಲಾಗಲಿಲ್ಲ. ಇದಕ್ಕೇನು ಮಾಡಬೇಕು?

ಕೋವಿ ದುರಸ್ತಿ ಮಾಡುವವರು

ಅವು ಕೊಳೆಯಲ್ಲ, ಹಿಂದೆಂದೋ ತುಕ್ಕು ತಿಂದ ಗುಳಿಗಳು. ಅಲ್ಲಿ ಉಕ್ಕೇ ಇಲ್ಲವಾದ್ದರಿಂದ ಕರಗಿಸಲು ಏನೂ ಉಳಿದಿಲ್ಲ, ಉಜ್ಜಿದರೆ ಸುತ್ತಲಿನ ಒಳ್ಳೆಯ ಲೋಹ ಸವೆಯುತ್ತದೆ. ನಿಮ್ಮ ನಳಿಗೆಯಲ್ಲಿ ತಾಮ್ರ ಅಷ್ಟು ಬೇಗ ಅಂಟುತ್ತಿದ್ದುದಕ್ಕೂ ಈ ಒರಟುತನವೇ ಕಾರಣವಿರಬಹುದು. ತಿಂಗಳಿಗೊಮ್ಮೆ ಎಣ್ಣೆಬಟ್ಟೆ ಹಾಯಿಸುತ್ತಿರಿ, ಗುಳಿಗಳಲ್ಲಿ ಎಣ್ಣೆ ಆರದಂತೆ ನೋಡಿಕೊಳ್ಳಿ. ಹಾರಿಸುವ ಮುನ್ನ ಒಣಬಟ್ಟೆ ಹಾಯಿಸಿ ಆ ಎಣ್ಣೆಯನ್ನು ತೆಗೆಯಿರಿ, ಹಿಂಬದಿಯಿಂದ ಬೆಳಕು ನೋಡಿ ಬಟ್ಟೆಯ ತುಂಡು ಒಳಗೆ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮರೆತುಹೋದ ಒಂದು ಬಟ್ಟೆ ನಳಿಗೆಯನ್ನು ಸೀಳಬಲ್ಲದು. ಇನ್ನು ಮುಂದೆ ಇಪ್ಪತ್ತು ಮೂವತ್ತು ಗುಂಡುಗಳಿಗೊಮ್ಮೆ ನೊರೆ ಹಾಕಿ ನೋಡಿ, ಗುರಿ ಯಾವಾಗ ಸಡಿಲವಾಗುತ್ತದೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಗುಳಿಗಳು ದೊಡ್ಡದಾಗುತ್ತಿವೆ ಎನಿಸಿದರೆ ಅಥವಾ ತೋಟಾ ಕೂರುವ ಜಾಗದಲ್ಲಿಯೂ ಅಂಥವು ಕಂಡರೆ ಹಾರಿಸುವುದನ್ನು ನಿಲ್ಲಿಸಿ, ನುರಿತವರಿಗೆ ತೋರಿಸಿ.

ಪ್ರಶ್ನೆ ಕೇಳಿದವರು

ತೋಟಾ ಕೂರುವ ಜಾಗವನ್ನು ಈಗಷ್ಟೇ ಸಣ್ಣ ಕನ್ನಡಿ ಹಿಡಿದು ನೋಡಿದೆ, ನುಣುಪಾಗಿದೆ. ಹಿಡಿಗೆ ಅಗಸೆ ಎಣ್ಣೆಯ ಎರಡನೆಯ ಪದರ ಇವತ್ತು ತಿಕ್ಕಿದ್ದೇನೆ. ಹೆಬ್ಬೆರಳಿನ ಗುರುತು ಓರೆ ಬೆಳಕಿನಲ್ಲಿ ಹುಡುಕಿದರೆ ಮಾತ್ರ ಸಿಗುತ್ತದೆ. ಬಟ್ಟೆಗಳನ್ನು ಹಿತ್ತಲ ಕಲ್ಲಿನ ಮೇಲೆ ಒಂದೊಂದಾಗಿ ಹರಡಿ ಬಂದಿದ್ದೇನೆ.